ಬರ್ಲಿನ್ ಫಿಲ್ಹಾರ್ಮೋನಿಕ್‌ನಲ್ಲಿ ಯಜಮಾನ ಯಾರು?

ಮಂದ್ರಸ್ಥಾಯಿ:
ಮೊನ್ನೆ ರಾತ್ರಿ ಬರ್ಲಿನ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾದ ಕಛೇರಿಯೊಂದನ್ನು ಅಂತರ್ಜಾಲದಲ್ಲಿ ನೋಡಿದೆ. ಅಲ್ಲಿ ಮುಖ್ಯ ಕಂಡಕ್ಟರನ್ನು ವಾದಕರೇ ಮತ ಹಾಕಿ ಆರಿಸುತ್ತಾರಂತೆ. ಕೋಲು ಹಿಡಿದು ಕುಣಿಸುವವನನ್ನು ಕುಣಿಯುವವರೇ ನೇಮಿಸುವುದೆಂದರೆ ಹೇಗೆ? ತಾಲೀಮಿನಲ್ಲಿ ಎರಡು ಮಾತು ಬೈದರೆ ಮರುದಿನವೇ ಮನೆಗೆ ಕಳಿಸುವುದಿಲ್ಲವೇ? ಮೊದಲಿನಿಂದಲೂ ಹೀಗೆಯೇ ನಡೆದುಬಂದಿದೆಯೇ? ಬಲ್ಲವರು ತಿಳಿಸಿ.

ತಾಳಮೇಳ:
ಚುನಾವಣೆ ಬರೀ ಹೆಸರಿಗೆ. ಮುಖ್ಯ ಕಂಡಕ್ಟರಾಗಿ ಕರಾಯನ್ 1955ರಲ್ಲಿ ಬಂದು ಕುಳಿತವರು ಎದ್ದದ್ದು 1989ರಲ್ಲಿ. ಅದೂ ಆಜೀವ ಒಪ್ಪಂದ. ಇಂಥ ಪ್ರಜಾಪ್ರಭುತ್ವ ನಮಗೇನು ಹೊಸದೇ?

ಹಳೇಗುಮಾಸ್ತ:
ಮೂವತ್ತು ವರ್ಷ ಒಂದು ಕಾರ್ಮಿಕ ಸಂಘದ ಸಭೆಗಳ ನಡಾವಳಿ ಬರೆದವನು ನಾನು. ನನ್ನನ್ನು ಈ ಆರ್ಕೆಸ್ಟ್ರಾದ ಕಡೆಗೆ ಎಳೆದದ್ದು ಅದರ ಜಗಳಗಳು. ಸಂಗೀತ ಆಮೇಲೆ ಹಿಡಿಸಿತು.

ಮೊದಲ ಜಗಳ ರೈಲು ಪ್ರಯಾಣದ್ದು. ಬರ್ಲಿನ್ನಿನಲ್ಲಿ ಬೆಂಜಮಿನ್ ಬಿಲ್ಸೆ ಎಂಬಾತ ಒಂದು ವಾದ್ಯವೃಂದ ನಡೆಸುತ್ತಿದ್ದ. 1882ರಲ್ಲಿ ವಾರ್ಸಾದ ಕಾರ್ಯಕ್ರಮಕ್ಕೆ ವಾದಕರನ್ನು ನಾಲ್ಕನೇ ದರ್ಜೆಯ ಡಬ್ಬಿಯಲ್ಲಿ ತುಂಬಿಕೊಂಡು ಹೋಗಲು ಹೊರಟ. ಅಷ್ಟರಲ್ಲಾಗಲೇ ಅವರಿಗೆ ಸಾಕುಸಾಕಾಗಿತ್ತು. 54 ಮಂದಿ ಹೊರಬಿದ್ದು ತಮ್ಮದೇ ವೃಂದ ಕಟ್ಟಿಕೊಂಡರು. ಆರಂಭದಲ್ಲಿ ಇಟ್ಟುಕೊಂಡ ಹೆಸರು ‘ಹಿಂದಿನ ಬಿಲ್ಸೆ ವೃಂದ’. ಧಣಿಯನ್ನು ಬಿಟ್ಟರೂ ಧಣಿಯ ಹೆಸರಿನಿಂದ ಬರುವ ಗಿರಾಕಿಗಳನ್ನು ಬಿಡಲಿಲ್ಲ, ನೋಡಿ! ನುಡಿಸಲು ಸಿಕ್ಕಿದ್ದು ಮೊದಲು ಗಾಲಿ ಸ್ಕೇಟಿಂಗ್ ಆಡುತ್ತಿದ್ದ ಒಂದು ಕಟ್ಟಡ.

ಸ್ವಾತಂತ್ರ್ಯವೇನೋ ಬಂತು, ಕಾಸು ಬರಲಿಲ್ಲ. 1887ರಲ್ಲಿ ಹರ್ಮನ್ ವೋಲ್ಫ್ ಎಂಬ, ಸಂಗೀತ ಕಛೇರಿ ಏರ್ಪಡಿಸುವ ಏಜೆಂಟ್ ಕೈಹಿಡಿದ, ಹ್ಯಾನ್ಸ್ ಫಾನ್ ಬ್ಯೂಲೋ ಅವರನ್ನು ಕಂಡಕ್ಟರಾಗಿ ಕರೆತಂದ. ಹಾಗಾಗಿ ‘ಮೊದಲಿನಿಂದಲೂ’ ಎಂಬುದು ಅರ್ಧ ಸತ್ಯ. ಸಂಸ್ಥೆ ವಾದಕರದು, ಆದರೆ ಹಣ ಹೊಂದಿಸಿದವನ ಮಾತಿಗೆ ತೂಕವಿತ್ತು.

ಇದರ ಪ್ರಜಾಪ್ರಭುತ್ವವನ್ನು ಹೊಗಳುವವರು ಹಾರಿಸಿಬಿಡುವ ಪುಟ ಇನ್ನೊಂದಿದೆ. ಈ ವಾದಕರೇ ಷೇರುದಾರರಾಗಿದ್ದ ಕಂಪನಿಯನ್ನು ನಾಜಿ ಸರ್ಕಾರ ಕೊಂಡುಕೊಂಡಿತು. ಆರ್ಕೆಸ್ಟ್ರಾ ಗೋಬೆಲ್ಸ್‌ನ ಪ್ರಚಾರ ಖಾತೆಯ ಅಧೀನಕ್ಕೆ ಬಂತು. ಸಂಬಳ ಖಾತ್ರಿಯಾಯಿತು, ಯುದ್ಧ ಬಂದಾಗ ಸೈನ್ಯಕ್ಕೆ ಸೇರುವುದೂ ತಪ್ಪಿತು. ಕನ್ಸರ್ಟ್‌ಮಾಸ್ಟರ್, ಎಂದರೆ ಪಿಟೀಲುಗಳ ಮುಂದಾಳು, ಶಿಮೋನ್ ಗೋಲ್ಡ್‌ಬರ್ಗ್ ಸೇರಿದಂತೆ ಯಹೂದಿ ವಾದಕರು ಮಾತ್ರ ಜಾಗ ಖಾಲಿ ಮಾಡಬೇಕಾಯಿತು. ಪಕ್ಕದ ಕುರ್ಚಿ ಬರಿದಾದಾಗ ಉಳಿದವರು ಹಾಳೆ ತಿರುವಿ ಮುಂದಿನ ಸಾಲು ನುಡಿಸಿದರು.

ಈಗ ಮತದಾನದ ವಿಷಯ. 2015ರ ಮೇ 11ರಂದು ಎಲ್ಲರೂ ಬರ್ಲಿನ್ನಿನ ಡಾಲೆಮ್‌ನಲ್ಲಿರುವ ಒಂದು ಚರ್ಚಿನಲ್ಲಿ ಸೇರಿದರು. ಸುದ್ದಿ ಸೋರಬಾರದೆಂದು ಮೊಬೈಲುಗಳನ್ನು ಒಪ್ಪಿಸಬೇಕಿತ್ತು. ಅರ್ಜಿ ಹಾಕಿದವರ ಪಟ್ಟಿ ಎಂಬುದೇ ಇಲ್ಲ. ವಾದಕರು ಬಯಸಿದ ಯಾವ ಕಂಡಕ್ಟರನ್ನಾದರೂ ಹೆಸರಿಸಬಹುದು. ಸುಮಾರು 11 ಗಂಟೆ ಕುಳಿತರು. ಹೊರಗೆ ಪತ್ರಕರ್ತರು ಕಾದರು. ಕೊನೆಗೆ ಬಂದ ಘೋಷಣೆ: ತೀರ್ಮಾನವಾಗಿಲ್ಲ. ನಡಾವಳಿ ಬರೆದವನ ಪಾಡು ನೆನೆದು ನನಗೆ ಆ ರಾತ್ರಿ ಅನ್ನ ಸೇರಲಿಲ್ಲ. ಜೂನ್‌ನಲ್ಲಿ ಮತ್ತೆ ಸೇರಿ ಕಿರಿಲ್ ಪೆಟ್ರೆಂಕೊ ಅವರನ್ನು ಆರಿಸಿದರು. ಆಮೇಲೆ ಫೋನ್ ಮಾಡಿ ‘ಬರುತ್ತೀರಾ’ ಎಂದು ಕೇಳಿದರು. ಅವರು ಅಧಿಕಾರ ವಹಿಸಿಕೊಂಡದ್ದು 2019ರಲ್ಲಿ.

ಬೈದರೆ ಮರುದಿನ ಕಳಿಸುವ ಹಾಗಿಲ್ಲ ಮಂದ್ರಸ್ಥಾಯಿಯವರೇ. ಮತ ಇರುವುದು ಆಯ್ಕೆಗೆ, ಆಮೇಲೆ ಒಪ್ಪಂದದ ಅವಧಿಯಿದೆ. ಬೈಗುಳಕ್ಕೆ ಠರಾವು ಮಂಡಿಸಲು ಸಂಗೀತವೇನು ಸಹಕಾರಿ ಸಂಘವೇ?

ತಾಳಮೇಳ:
ಸರ್, ಸಬೀನಾ ಮೇಯರ್ ಪ್ರಕರಣವನ್ನು ಜಾಣತನದಿಂದ ಬಿಟ್ಟಿರಿ. ಕ್ಲಾರಿನೆಟ್ ವಾದಕಿ, 23ರ ಹುಡುಗಿ. ಕರಾಯನ್‌ಗೆ ಅವರು ಬೇಕಿತ್ತು. ವಾದಕರು 73ಕ್ಕೆ 4 ಮತಗಳಿಂದ ಬೇಡವೆಂದರು. ಹೆಂಗಸು ಎಂದಲ್ಲದೆ ಬೇರೇನು ಕಾರಣ?

ಹಳೇಗುಮಾಸ್ತ:
ಬಿಡಬೇಕೆಂದು ಬಿಟ್ಟದ್ದಲ್ಲ, ಒಂದೇ ಉಸಿರಿಗೆ ಎಷ್ಟೆಂದು ಬರೆಯಲಿ. ಅವರ ನಾದ ಉಳಿದ ಗಾಳಿವಾದ್ಯಗಳ ಜೊತೆ ಬೆರೆಯುವುದಿಲ್ಲ ಎಂಬುದು ವಾದಕರು ಕೊಟ್ಟ ಕಾರಣ. ಆ ಪ್ರಕರಣ ಎದ್ದ 1982ರಲ್ಲೇ ಪಿಟೀಲಿಗೆ ಮ್ಯಾಡೆಲೀನ್ ಕರುಝೋ ಸೇರಿದ್ದರು; ಆರ್ಕೆಸ್ಟ್ರಾದ ಮೊದಲ ಮಹಿಳಾ ಸದಸ್ಯೆ. ಅಂದರೆ ಅದುವರೆಗಿನ ನೂರು ವರ್ಷ ಗಂಡಸರದ್ದೇ ರಾಜ್ಯ. ಆದ್ದರಿಂದ ನಿಮ್ಮ ಅನುಮಾನವನ್ನು ತಳ್ಳಿಹಾಕಲಾರೆ. ಆದರೂ ಅಲ್ಲಿ ಇನ್ನೊಂದು ಗಂಟಿತ್ತು: ಹೊಸಬರನ್ನು ಸೇರಿಸಿಕೊಳ್ಳುವ ಹಕ್ಕು ಕಂಡಕ್ಟರದೋ ವಾದಕರದೋ? ನೀವು ಹೇಳಿದ ಆ ಆಜೀವ ಯಜಮಾನನಿಗೆ ಎದುರು ನಿಂತರಲ್ಲ, ಅದು ಬರೀ ಹೆಸರಿಗಿದ್ದ ಮತವಲ್ಲ. ಸರಿಯಾದ ಹಕ್ಕನ್ನು ತಪ್ಪು ವ್ಯಕ್ತಿಯ ಮೇಲೆ ಚಲಾಯಿಸಿದರು ಎಂಬುದು ನನ್ನ ತೀರ್ಪು. ಮೇಯರ್ ಹೊರನಡೆದು ಏಕವ್ಯಕ್ತಿ ವಾದಕಿಯಾಗಿ ಜಗತ್ತಿನಲ್ಲೆಲ್ಲ ಹೆಸರಾದರು.

ಮಂದ್ರಸ್ಥಾಯಿ:
ಧನ್ಯವಾದ ಸರ್. ಒಂದೇ ಒಂದು ಕೇಳುತ್ತೇನೆ: ಅಲ್ಲಿಗೆ ಹೋದರೆ ಎಲ್ಲಿ ಕೂರಬೇಕು?

ಹಳೇಗುಮಾಸ್ತ:
ವೇದಿಕೆಯ ಹಿಂದೆ. ಹ್ಯಾನ್ಸ್ ಶರೂನ್ ವಿನ್ಯಾಸದ ಆ ಸಭಾಂಗಣ 1963ರದು; ಪ್ರೇಕ್ಷಕರು ಸುತ್ತಲೂ ಕೂರುತ್ತಾರೆ, ಆರ್ಕೆಸ್ಟ್ರಾ ನಡುವೆ. ನಾನು ಹೋದಾಗ ಟಿಂಪನಿ ಎಂಬ ದೊಡ್ಡ ನಗಾರಿಗಳನ್ನು ಬಾರಿಸುವವರು ನನ್ನ ಕೆಳಗೇ ಇದ್ದರು. ಉಳಿದವರು ಭೋರ್ಗರೆಯುತ್ತಿರುವಾಗ ಅವರು ಬಗ್ಗಿ, ಕಿವಿಯನ್ನು ಚರ್ಮಕ್ಕೆ ತಾಗಿಸುವಷ್ಟು ಹತ್ತಿರ ತಂದು, ಬೆರಳ ತುದಿಯಿಂದ ಮೆಲ್ಲಗೆ ತಟ್ಟಿ ಶ್ರುತಿ ನೋಡುತ್ತಿದ್ದರು. ಕಂಡಕ್ಟರರ ಮುಖವೂ ನೇರ ಕಾಣುತ್ತದೆ. ಬೈಯುವುದಿದ್ದರೆ ಹುಬ್ಬಿನಲ್ಲೇ ಬೈಯುತ್ತಾರೆ. ಟಿಂಪನಿಯವರು ತಲೆಯೆತ್ತಿ ಅದನ್ನು ನೋಡಲೂ ಇಲ್ಲ.