ಪದಚರ್ಚೆ: ಸೈಕಲ್ ಚಡ್ಡಿಯ ಪ್ಯಾಡಿಗೆ ‘ಸಿಂಬಿ’ ಅನ್ನಬಹುದೇ? ಸೀಟಿನಿಂದ ಆಗುವ ಗಾಯಕ್ಕೆ ಏನನ್ನೋಣ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಮೈಸೂರಿನಲ್ಲಿ ನಾವು ಹದಿನೈದಿಪ್ಪತ್ತು ಜನ ಭಾನುವಾರ ಬೆಳಗ್ಗೆ ಸೈಕಲ್ ತುಳಿಯುತ್ತೇವೆ. ಒಂದು ವಾರ ಕೆ.ಆರ್.ಎಸ್., ಒಂದು ವಾರ ನಂಜನಗೂಡು, ಮೈಯಲ್ಲಿ ಕಸುವಿದ್ದ ವಾರ ಶ್ರೀರಂಗಪಟ್ಟಣ, ಪಾಂಡವಪುರ ಹಾದು ಮೇಲುಕೋಟೆ. ಈಚೆಗೆ ಹೊಸಬರು ಬರತೊಡಗಿದ್ದಾರೆ, ಅವರಲ್ಲಿ ಅರ್ಧಕ್ಕರ್ಧ ಹೆಂಗಸರು. ಅವರ ಕೈಗೆ ಕೊಡಲು ನಾಲ್ಕು ಪುಟದ ಕನ್ನಡ ಕೈಪಿಡಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಚೈನು, ಬ್ರೇಕು, ಟ್ಯೂಬು, ಪಂಕ್ಚರು ಎಲ್ಲ ಬರೆದು ಮುಗಿಸಿದೆ. ಸೈಕಲ್ ಶಾಪಿನ ಮಾತೇ ಸಾಕಾಯಿತು. ಕೂರುವ ಜಾಗಕ್ಕೆ ಒಳಗಿನಿಂದ ಪ್ಯಾಡು ಹೊಲಿದಿರುವ ಸೈಕಲ್ ಚಡ್ಡಿಯ ಪುಟಕ್ಕೆ ಬಂದಾಗ ನಿಂತುಬಿಟ್ಟೆ.

ಇಂಗ್ಲಿಷ್ ಪದಗಳ ಮೇಲೆ ನನಗೆ ತಕರಾರಿಲ್ಲ. ಸೀಟನ್ನು ಸೀಟು ಅಂತಲೇ ಬರೆದಿದ್ದೇನೆ. ತಕರಾರು ಇರುವುದು ಪದ ಕೇಳಿ ಜನ ತಪ್ಪು ವಸ್ತು ಕೊಂಡಾಗ, ಅಥವಾ ಪದ ಸಿಗದೆ ತಪ್ಪು ಔಷಧಿ ಹಚ್ಚಿಕೊಂಡಾಗ. ಎರಡನೆಯದು ನನಗೇ ಆಗಿದೆ, ಅದರಿಂದಲೇ ಶುರು ಮಾಡುತ್ತೇನೆ.

ಒಂದು ಬೇಸಿಗೆಯಲ್ಲಿ ಮೇಲುಕೋಟೆಗೆ ಹೋಗಿಬಂದ ಮಾರನೆಯ ದಿನ ಕೂತರೆ ಉರಿ, ನಿಂತರೆ ನೋವು. ಮೆಡಿಕಲ್ ಶಾಪಿಗೆ ಹೋದೆ. ಕೌಂಟರಿನಲ್ಲಿದ್ದವನು ಇಪ್ಪತ್ತರ ಹುಡುಗ, ನನ್ನ ಹಿಂದೆ ಇನ್ನೂ ಮೂವರು ಗಿರಾಕಿಗಳು. ಬಾಯಿಗೆ ಬಂದದ್ದು ಇಷ್ಟೇ: “ತೊಡೆ ಸಂದೀಲಿ ಕೆಂಪಾಗಿ ಉರೀತಿದೆ.” ಅವನು ಮರುಮಾತಿಲ್ಲದೆ ಹುಳುಕಡ್ಡಿಯ ಟ್ಯೂಬು ಕೊಟ್ಟ. ನಾಲ್ಕು ದಿನ ಹಚ್ಚಿದೆ. ಐದನೆಯ ದಿನ ಶಾಲೆಯಲ್ಲಿ ಕುರ್ಚಿಯ ಮೇಲೆ ಕೂರಲಾಗದೆ ಆರು ಪೀರಿಯಡ್ಡೂ ನಿಂತೇ ಪಾಠ ಮಾಡಿದೆ.

ಸಂಜೆ ಡಾಕ್ಟರಮ್ಮನ ಹತ್ತಿರ ಹೋದಾಗ ಅವರು ಪರೀಕ್ಷೆ ಮಾಡುವ ಮುಂಚೆ ಕೇಳಿದ ಪ್ರಶ್ನೆ ನನಗೆ ಬಾಯಿಪಾಠವಾಗಿದೆ. “ಏನಾಗಿದೆಯಮ್ಮ, ತರಚಿದ್ಯಾ? ಕುರು ಎದ್ದಿದ್ಯಾ? ಚರ್ಮ ಬಿಟ್ಟು ಹುಣ್ಣಾಗಿದ್ಯಾ?” ಇಂಗ್ಲಿಷಿನವರು ‘ಸ್ಯಾಡಲ್ ಸೋರ್’ ಎಂಬ ಒಂದೇ ಹೆಸರಿನಡಿ ಸೇರಿಸಿಬಿಟ್ಟಿರುವ ಮೂರು ಬೇರೆ ಬೇರೆ ತೊಂದರೆಗಳು ಆ ಒಂದು ಪ್ರಶ್ನೆಯಲ್ಲಿ ಬಿಡಿಬಿಡಿಯಾಗಿ ನಿಂತಿದ್ದವು. ಬೆವರಿಗೆ ನೆಂದ ಚರ್ಮ ಸೀಟಿಗೋ ಹೊಲಿಗೆಗೋ ಉಜ್ಜಿ ಮೇಲ್ಪದರ ಕಿತ್ತು ಬಂದರೆ ತರಚು. ಆ ಬಿರುಕಿನಿಂದ ರೋಗಾಣು ಕೂದಲ ಬುಡಕ್ಕೆ ಇಳಿದು ಕೀವು ಕಟ್ಟಿದರೆ ಕುರು. ಇವುಗಳ ಮೇಲೇ ಮತ್ತೆ ಮತ್ತೆ ಕೂತು, ಒತ್ತಿ, ಮಾಯಲು ಬಿಡದಿದ್ದರೆ ಹುಣ್ಣು. ನನಗಾಗಿದ್ದದ್ದು ಕುರು. ಸೈಕಲ್ ಮುಟ್ಟಬೇಡಿ, ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ದಿನಕ್ಕೆ ಮೂರ್ನಾಲ್ಕು ಸಲ ಶಾಖ ಕೊಡಿ, ಯಾವ ಕಾರಣಕ್ಕೂ ಹಿಸುಕಬೇಡಿ, ಜ್ವರ ಬಂದರೆ ಅಥವಾ ಕೆಂಪು ಹರಡಿದರೆ ತಕ್ಷಣ ಬನ್ನಿ ಅಂದರು. ಅವತ್ತು ಅಂಗಡಿಯಲ್ಲಿ ‘ಕುರು’ ಎಂಬ ಎರಡಕ್ಷರ ನನ್ನ ಬಾಯಿಂದ ಬಂದಿದ್ದರೆ ಆ ಟ್ಯೂಬು ಬರುತ್ತಿರಲಿಲ್ಲ.

ಹಾಗಾಗಿ ಈ ಮೂರೂ ಪದಗಳನ್ನು ಕೈಪಿಡಿಯಲ್ಲಿ ಹಾಗೇ ಇಟ್ಟುಕೊಂಡಿದ್ದೇನೆ. ಆದರೂ ಮೂರಕ್ಕೂ ಸೇರಿ ಒಂದು ತಲೆಬರಹ ಬೇಕಲ್ಲ. ‘ಸೀಟುಹುಣ್ಣು’ ಬರೆದು ನೋಡಿದೆ. ‘ಹಾಸಿಗೆಹುಣ್ಣು’ ಆಗಲೇ ಬಳಕೆಯಲ್ಲಿರುವುದರಿಂದ ಕಿವಿಗೆ ಹೊಸದಾಗಿ ಕೇಳುವುದಿಲ್ಲ. ಆದರೆ ಅದು ಕಡೆಯ ಹಂತದ ಹೆಸರು. ತರಚಿದವರು “ನನಗಿನ್ನೂ ಹುಣ್ಣಾಗಿಲ್ಲ” ಅಂತ ಆ ಪುಟವನ್ನು ದಾಟಿ ಹೋಗುತ್ತಾರೆ, ಓದಲೇಬೇಕಾದವರು ಅವರೇ. ‘ಜೀನುಹುಣ್ಣು’ ಎಂದು ಒಬ್ಬರು ಸೂಚಿಸಿದರು. ಜೀನು ಫಾರಸಿಯಿಂದ ಬಂದು ನಮ್ಮದೇ ಆದ ಪದ, ಆದರೆ ಅದು ಕುದುರೆಯ ಬೆನ್ನು ಬಿಟ್ಟು ಸೈಕಲ್ಲಿಗೆ ಎಂದೂ ಇಳಿಯಲಿಲ್ಲ. ‘ಸೀಟುಕಡಿತ’ ಅಂದರೆ ಇಂಜಿನಿಯರಿಂಗ್ ಕಾಲೇಜಿನ ಸೀಟು ಕಡಿಮೆ ಮಾಡಿದ ಸುದ್ದಿಯ ಹಾಗೆ ಓದಿಕೊಳ್ಳುತ್ತದೆ.

ಪರಿಹಾರ ನಮ್ಮ ಗುಂಪಿನ ಒಬ್ಬ ಕಾಲೇಜು ಹುಡುಗಿಯ ಬಾಯಲ್ಲಿತ್ತು. ನಂಜನಗೂಡಿನಿಂದ ವಾಪಸ್ ಬರುವಾಗ ಕಡಕೊಳದ ಹತ್ತಿರ ಇಳಿದು ನಿಂತವಳು, “ಆಂಟಿ, ಸೀಟು ಕಚ್ತಿದೆ” ಅಂದಳು. ಹೊಸ ಚಪ್ಪಲಿ ಕಚ್ಚುತ್ತದೆ ಅನ್ನುತ್ತೇವೆ, ಕಾಲರ್ ಪಟ್ಟಿ ಕಚ್ಚುತ್ತದೆ ಅನ್ನುತ್ತೇವೆ. ಮೈಗೆ ತಾಗಿಕೊಂಡಿರುವ ವಸ್ತು ಉಜ್ಜಿ ನೋಯಿಸುವುದಕ್ಕೆ ಕನ್ನಡದಲ್ಲಿ ‘ಕಚ್ಚು’ ಸಿದ್ಧವಾಗಿಯೇ ಇದೆ. ಅದು ಮೊದಲ ಹಂತವನ್ನೂ ಹಿಡಿಯುತ್ತದೆ, ಹೇಳುವವರಿಗೆ ನಾಚಿಕೆಯೂ ಆಗುವುದಿಲ್ಲ, ಏಕೆಂದರೆ ಕರ್ತೃ ಸೀಟು. ಮೈಯ ಯಾವ ಭಾಗ ಅಂತ ಬಿಡಿಸಿ ಹೇಳಬೇಕಾಗಿಲ್ಲ. ‘ಸೀಟು ಕಚ್ಚಿದರೆ’ ಎಂದು ತಲೆಬರಹ ಕೊಟ್ಟಿದ್ದೇನೆ. ನಾಮಪದವಾಗಿ ‘ಸೀಟುಗಚ್ಚು’ ನಡೆಯುತ್ತದೆಯೇ, ಕಿವಿಗೆ ಒರಟೇ? ತಿಳಿದವರು ಹೇಳಬೇಕು.

ಈಗ ಪ್ಯಾಡು. ಇದರ ಇಂಗ್ಲಿಷ್ ಹೆಸರು ಶಾಮಿ. ಅದು ಯುರೋಪಿನ ಬೆಟ್ಟಗಳಲ್ಲಿರುವ, ಮೇಕೆಯನ್ನು ಹೋಲುವ ಒಂದು ಪ್ರಾಣಿಯ ಹೆಸರು. ಹಿಂದೆ ಉಣ್ಣೆಯ ಸೈಕಲ್ ಚಡ್ಡಿಯೊಳಗೆ ಆ ಪ್ರಾಣಿಯ ಹದ ಮಾಡಿದ ಮೆದುಚರ್ಮವನ್ನು ಹೊಲಿಯುತ್ತಿದ್ದರು. ಒಗೆದು ಒಣಗಿಸಿದರೆ ಚರ್ಮ ಸೆಟೆದುಕೊಳ್ಳುತ್ತಿತ್ತು, ಮತ್ತೆ ಹದಕ್ಕೆ ತರಲು ಜಿಡ್ಡು ತಿಕ್ಕುತ್ತಿದ್ದರು. ಈಗಿನ ಪ್ಯಾಡಿನಲ್ಲಿ ಚರ್ಮವಿಲ್ಲ. ಫೋಮು, ಅದರ ಮೇಲೆ ಬೆವರು ಹೀರಿ ಹೊರಬಿಡುವ ಪಾಲಿಯೆಸ್ಟರ್ ಬಟ್ಟೆ. ಹೆಸರು ಮಾತ್ರ ಉಳಿದಿದೆ, ನಮ್ಮ ಸೀಸದಕಡ್ಡಿಯಲ್ಲಿ ಸೀಸವಿಲ್ಲದ ಹಾಗೆ. ಆ ಹೆಸರನ್ನು ನಾವು ಹೊತ್ತುಕೊಂಡು ತಿರುಗಲು ಕಾರಣವೇ ಇಲ್ಲ.

ಎಲ್ಲರೂ ಮೊದಲು ಹೇಳುವ ಪದ ‘ಮೆತ್ತೆ’. ನಾನೂ ಮೊದಲ ಕರಡಿನಲ್ಲಿ ‘ಮೆತ್ತೆ ಚಡ್ಡಿ’ ಎಂದೇ ಬರೆದಿದ್ದೆ. ಓದಿದ ಇಬ್ಬರು ಹೋಗಿ ಕೊಂಡು ತಂದದ್ದು ಅಂಗಡಿಯಲ್ಲಿದ್ದ ಅತಿ ದಪ್ಪ, ಅತಿ ಮೆತ್ತಗಿನ ಪ್ಯಾಡಿನ ಚಡ್ಡಿ. ಅವರ ತಪ್ಪಲ್ಲ, ಪದದ ಗುಣ. ಮೆತ್ತೆ ಅಂದಕೂಡಲೇ ಕೈ ಮೆತ್ತಗಿನದನ್ನು ಹುಡುಕುತ್ತದೆ. ಆದರೆ ಸಡಿಲ ಫೋಮು ಅರ್ಧ ಗಂಟೆಯಲ್ಲಿ ಅಮುಕಿಕೊಂಡು ಅಪ್ಪಳದಂತಾಗುತ್ತದೆ, ಭಾರವೆಲ್ಲ ಕೂರುವ ಎರಡು ಮೂಳೆಗಳ ಮೇಲೆ ಬರುತ್ತದೆ, ಮಿಕ್ಕ ದಪ್ಪವೆಲ್ಲ ತೊಡೆಯ ಸಂದಿಯಲ್ಲಿ ಮುದುಡಿ ಉಜ್ಜುತ್ತದೆ. ಪ್ಯಾಡು ಬಿಗಿಯಾಗಿರಬೇಕು, ಆ ಮೂಳೆಗಳ ಕೆಳಗೆ ಬರುವ ಜಾಗದಲ್ಲಿ ಒತ್ತಾಗಿರಬೇಕು, ಮಿಕ್ಕ ಕಡೆ ತೆಳ್ಳಗಿರಬೇಕು. ಅಂಗಡಿಯಲ್ಲಿ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿ ನೋಡಿ: ಬೆರಳಿಗೆ ಬೆರಳು ಸಲೀಸಾಗಿ ತಗುಲಿದರೆ ಅದು ಬೇಡ. ಸೀಟಿಗೆ ತೊಡಿಸುವ ಜೆಲ್ ಕವರಿನದೂ ಇದೇ ಕತೆ. ಅದು ಸೀಟಿನ ಜೊತೆ ಇರುತ್ತದೆ, ಮೈ ಅದರ ಮೇಲೆ ಜರುಗಿ ಉಜ್ಜುತ್ತದೆ. ಚಡ್ಡಿಯ ಪ್ಯಾಡು ಮೈಯ ಜೊತೆ ಇರುತ್ತದೆ, ಉಜ್ಜಾಟವೇನಿದ್ದರೂ ಬಟ್ಟೆಗೂ ಸೀಟಿಗೂ.

ಇದನ್ನು ಬರೆಯುತ್ತಿದ್ದಾಗ ಮದ್ದೂರು ಕಡೆಯ ನಮ್ಮ ಅಜ್ಜಿ ನೆನಪಾದರು. ಬಾವಿಗೆ ಹೊರಡುವ ಮುಂಚೆ ಹಳೆಯ ಸೀರೆಯ ತುಂಡನ್ನು ನೀರಿಗೆ ಅದ್ದಿ, ಒಂದು ತುದಿಯನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿ, ಹಗ್ಗದಂತೆ ಹುರಿ ಮಾಡಿ, ಸುತ್ತಿ ಸುತ್ತಿ, ತಲೆಗೂ ಕೊಡಕ್ಕೂ ನಡುವೆ ಇಡುವ ಸಿಂಬಿ ಮಾಡುತ್ತಿದ್ದರು. ನಾನು ಮಾಡಿಕೊಟ್ಟ ಸಿಂಬಿ ದಿಂಬಿನ ಹಾಗೆ ಉಬ್ಬಿತ್ತು. ಅದನ್ನು ಬಿಚ್ಚಿ ಎಸೆದು, “ಮೆತ್ತಗಿದ್ರೆ ಕೊಡ ನಿಲ್ಲಾಕಿಲ್ಲ ಕಣವ್ವ, ನೆತ್ತಿ ನೋಯ್ತದೆ. ಬಿಗಿಯಾಗಿ ಸುತ್ತು” ಅಂದರು. ಭಾರಕ್ಕೂ ಮೈಗೂ ನಡುವೆ ಇರುವ ವಸ್ತು, ಬಿಗಿಯಾಗಿ ಹುರಿಗೊಂಡಷ್ಟೂ ಒಳ್ಳೆಯದು, ನಡುವೆ ಖಾಲಿ ಜಾಗ. ಈಗಿನ ಒಳ್ಳೆಯ ಪ್ಯಾಡುಗಳಲ್ಲೂ ಸೀಟುಗಳಲ್ಲೂ ನಡುವೆ ಉದ್ದಕ್ಕೆ ಒಂದು ತಗ್ಗು ಬಿಟ್ಟಿರುತ್ತಾರೆ. ಅಲ್ಲಿ ಹಾದುಹೋಗುವ ನರಕ್ಕೂ ರಕ್ತನಾಳಕ್ಕೂ ಒತ್ತಡ ಬಿದ್ದು ಜೋಮು ಹಿಡಿಯದಿರಲಿ ಅಂತ. ಅಜ್ಜಿಯ ಸಿಂಬಿಯಲ್ಲಿ ಇದೆಲ್ಲವೂ ಇತ್ತು. ‘ಸಿಂಬಿ ಚಡ್ಡಿ’ ಅಂದರೆ ಮಂಡ್ಯ, ಮೈಸೂರಿನ ನಲವತ್ತು ದಾಟಿದವರಿಗೆ ಬಿಗಿತವೇ ಮೊದಲು ಹೊಳೆಯುತ್ತದೆ ಎಂಬುದು ನನ್ನ ನಂಬಿಕೆ. ನಲ್ಲಿ ನೀರು ಕಂಡು ಬೆಳೆದ ಹುಡುಗರಿಗೆ? ಹಾವು ಸಿಂಬಿ ಸುತ್ತುವುದಾದರೂ ಗೊತ್ತಿರಬಹುದು.

ಒಬ್ಬ ಹಳೆಯ ಟೈಲರ್ ‘ಮಿಯಾನಿ’ ಎಂಬ ಪದ ಕೊಟ್ಟರು. ಪೈಜಾಮದ ಕಾಲು ಸೇರುವಲ್ಲಿ ಹಾಕುವ ಚೌಕ ತುಂಡು ಅದು. ಕಾಲು ಸೇರುವಲ್ಲಿ ನಾಲ್ಕು ಹೊಲಿಗೆ ಒಂದೇ ಬಿಂದುವಿಗೆ ಬರಬಾರದು ಅನ್ನುವುದಕ್ಕೇ ಅದನ್ನು ಹಾಕುತ್ತಾರಂತೆ. ಸೈಕಲ್ ಚಡ್ಡಿಯಲ್ಲೂ ಹೊಲಿಗೆ ಚಪ್ಪಟೆಯಾಗಿರಬೇಕು, ಕೂರುವ ಜಾಗದಲ್ಲಿ ಹಾಯಬಾರದು. ಜಾಗ ಸರಿ, ಕೆಲಸ ಬೇರೆ. ಮಿಯಾನಿ ಭಾರ ಹೊರುವುದಿಲ್ಲ. ಚಡ್ಡಿಗೇ ‘ಚಲ್ಲಣ’ ಅನ್ನೋಣವೆಂದು ಆಸೆಪಟ್ಟೆ. ಪೈಲ್ವಾನರು ತೊಡುವ, ತೊಡೆಗೆ ಅಂಟಿಕೊಂಡ ಗಿಡ್ಡ ಉಡುಪಿನ ಚೆಂದದ ಪದ. ಕುದುರೆಯ ಜೀನಿಗೆ ಹಳಗನ್ನಡದಲ್ಲಿ ಪಲ್ಲಣ, ಅದೇ ಮುಂದೆ ಹಲ್ಲಣ. ಹಲ್ಲಣಕ್ಕೊಂದು ಚಲ್ಲಣ ಎಂದು ಪ್ರಾಸವೂ ಕೂಡಿಬಂತು. ಆದರೆ ಅಂಗಡಿಗೆ ಹೋಗಿ ಚಲ್ಲಣ ಕೇಳುವ ಧೈರ್ಯ ಹೊಸಬರಿಗೆ ಬರುವುದಿಲ್ಲ. ಚಡ್ಡಿ ಚಡ್ಡಿಯಾಗಿಯೇ ಇರಲಿ. ಸೊಂಟದ ಎಲಾಸ್ಟಿಕ್ ಬದಲು ಹೆಗಲ ಮೇಲೆ ಪಟ್ಟಿ ಹಾಯುವ ಬಗೆಗೆ ‘ಹೆಗಲಪಟ್ಟಿ ಚಡ್ಡಿ’ ಅಂದಿದ್ದೇನೆ, ಅದು ಯಾರಿಗೂ ತಪ್ಪಾಗಿ ಅರ್ಥವಾಗಲಿಲ್ಲ.

ಕ್ರೀಮಿನದು ಇನ್ನೊಂದು ತೊಡಕು. ‘ಮುಲಾಮು’ ಎಂದು ಬರೆದಾಗ ಎಲ್ಲರೂ ಗಾಯವಾದ ಮೇಲೆ ಹಚ್ಚುವುದು ಅಂದುಕೊಂಡರು. ಮುಲಾಮು ಅಂದರೆ ಗಾಯವೇ ಕಣ್ಣಮುಂದೆ ಬರುವುದು ಸಹಜ. ಇದು ಗಾಯವಿಲ್ಲದ ಚರ್ಮಕ್ಕೆ, ಹೊರಡುವ ಮುಂಚೆ, ಉಜ್ಜಾಟ ತಗ್ಗಲಿ ಅಂತ ಹಚ್ಚುವ ಜಾರು. ನಮ್ಮ ಕಡೆ ಎತ್ತಿನಗಾಡಿಗೆ ಕಬ್ಬು ತುಂಬುವ ಮುಂಚೆ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು. ಗಾಲಿ ಕಿರುಗುಟ್ಟಿದ ಮೇಲೆ ಹಾಕುವವನಿಗೆ ಗಾಡಿ ಹೊಡೆಯಲು ಬರುವುದಿಲ್ಲ ಅನ್ನುತ್ತಿದ್ದರು ತಾತ. ‘ಇದು ಮೈಗೆ ಕೀಲೆಣ್ಣೆ’ ಎಂದು ಒಂದು ಸಾಲು ಸೇರಿಸಿದ್ದೇನೆ, ವಿವರಣೆಯಾಗಿ. ಹೆಸರಾಗಿ ಇಡಲು ಮನಸ್ಸಾಗಲಿಲ್ಲ. ಕೀಲೆಣ್ಣೆಯ ಕಪ್ಪು ಬಣ್ಣ ಕಣ್ಣಿಗೆ ಬರುತ್ತದೆ. ಬರಿಯ ‘ಜಾರೆಣ್ಣೆ’ ಹೇಗೆ?

ಒಂದು ವಾಕ್ಯದ ಬಗ್ಗೆ ಗುಂಪಿನಲ್ಲೇ ಜಗಳವಾಯಿತು: “ಈ ಚಡ್ಡಿಯ ಒಳಗೆ ಒಳಚಡ್ಡಿ ಹಾಕಬೇಡಿ.” ಹಿರಿಯರೊಬ್ಬರು ಅಚ್ಚಿನಲ್ಲಿ ಚೆನ್ನಾಗಿ ಕಾಣುವುದಿಲ್ಲ, ‘ಸೂಕ್ತ ಒಳ ಉಡುಪಿನ ಬಗ್ಗೆ ಎಚ್ಚರವಹಿಸಿ’ ಎಂದು ಮಾಡಿ ಅಂದರು. ನಾನು ಒಪ್ಪಲಿಲ್ಲ. ಆ ವಾಕ್ಯ ಓದಿದವರು ದಪ್ಪ ಹತ್ತಿಯ ಒಳಚಡ್ಡಿಯೊಂದನ್ನು ಹೊಸದಾಗಿ ಕೊಂಡು ಹಾಕಿಕೊಳ್ಳುತ್ತಾರೆ. ಹತ್ತಿ ಬೆವರು ಕುಡಿದು ಒದ್ದೆಯಾಗಿಯೇ ಉಳಿಯುತ್ತದೆ, ಅದರ ಅಂಚಿನ ಎಲಾಸ್ಟಿಕ್ಕು ತೊಡೆ ಸೇರುವಲ್ಲೇ ಕಚ್ಚುತ್ತದೆ. ಪ್ಯಾಡು ನೇರ ಚರ್ಮಕ್ಕೇ ತಾಗಬೇಕು. ನನ್ನಂಥವಳಿಗೆ ಮೆಡಿಕಲ್ ಶಾಪಿನಲ್ಲಿ ಮಾತು ಸಿಗದಿದ್ದದ್ದು ಇಂಥ ಮರ್ಯಾದೆಯ ವಾಕ್ಯಗಳಿಂದಲೇ. ನೇರ ವಾಕ್ಯವೇ ಉಳಿದಿದೆ.

‘ಮಡಿ’ ಎಂಬ ಪದವನ್ನು ಮಾತ್ರ ನಾನೇ ತೆಗೆದೆ. ಪ್ರತಿ ಸವಾರಿಗೂ ಒಗೆದು ಪೂರ್ತಿ ಒಣಗಿದ ಚಡ್ಡಿಯೇ ಬೇಕು, ಮನೆಗೆ ಬಂದಕೂಡಲೇ ಕಳಚಿ ಸ್ನಾನ ಮಾಡಬೇಕು ಅನ್ನುವುದನ್ನು ‘ಮಡಿ ಚಡ್ಡಿ’ ಎರಡೇ ಮಾತಲ್ಲಿ ಹೇಳುತ್ತಿತ್ತು. ಆದರೆ ಆ ಪದದ ಬೆನ್ನಿಗೆ ಮೈಲಿಗೆಯೂ ಬರುತ್ತದೆ, ನಮ್ಮ ಗುಂಪಿನ ಎಲ್ಲರ ಮನೆಯಲ್ಲೂ ಅದರ ನೆನಪು ಒಂದೇ ಥರ ಇರುವುದಿಲ್ಲ. “ಒಗೆದು, ಒಳಮಗ್ಗುಲು ಮೇಲೆ ಮಾಡಿ ಬಿಸಿಲಿಗೆ ಹಾಕಿ, ಘಮಕ್ಕೆಂದು ಕೊನೆಯಲ್ಲಿ ಹಾಕುವ ಕಂಡೀಷನರ್ ಬೇಡ, ಬಟ್ಟೆ ಬೆವರು ಹೀರುವುದು ನಿಲ್ಲುತ್ತದೆ” ಎಂದು ಉದ್ದಕ್ಕೇ ಬರೆದೆ. ಸೀಟು ಎತ್ತರವಾದರೆ ಪ್ರತಿ ತುಳಿತಕ್ಕೂ ಸೊಂಟ ಆಚೀಚೆ ಓಲಾಡಿ ಉಜ್ಜುತ್ತದೆ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ಎದ್ದು ನಿಂತು ತುಳಿಯಿರಿ ಎಂಬುದಕ್ಕೆ ಹೊಸ ಪದವೇನೂ ಬೇಕಾಗಲಿಲ್ಲ.

ಇನ್ನು ನನ್ನ ಕೋರಿಕೆ. ನೊಗ ಉಜ್ಜಿ ಎತ್ತಿನ ಹೆಗಲು ಕಿತ್ತುಹೋಗುವುದನ್ನು ನಮ್ಮ ತಾತ “ಹೆಗಲು ಒಡೆದದೆ” ಅನ್ನುತ್ತಿದ್ದರು. ಮಂಡ್ಯ, ನಾಗಮಂಗಲ, ಮಳವಳ್ಳಿ ಕಡೆಯವರು ಇದಕ್ಕೆ ಬೇರೆ ಹೆಸರು ಕೇಳಿದ್ದೀರಾ? ಮೈಸೂರಿನ ಟಾಂಗಾದವರು ಕುದುರೆಗೆ ಪಟ್ಟಿ ಉಜ್ಜಿ ಆಗುವ ಗಾಯಕ್ಕೆ ಏನನ್ನುತ್ತಾರೆ? ಕತ್ತೆಯ ಬೆನ್ನಿಗೆ ಹಾಕುವ ‘ತಡಿ’ ಇನ್ನೂ ಯಾರ ಮನೆಮಾತಿನಲ್ಲಾದರೂ ಉಳಿದಿದೆಯೇ? ಇದ್ದರೆ ಸಿಂಬಿಗೆ ಅದು ಸರಿಯಾದ ಎದುರಾಳಿ. ಕೈಪಿಡಿ ಮುಂದಿನ ತಿಂಗಳು ಅಚ್ಚಿಗೆ ಹೋಗುತ್ತದೆ, ಅಷ್ಟರೊಳಗೆ ಬರೆದರೆ ಸೇರಿಸಿಕೊಳ್ಳುತ್ತೇನೆ.