ಅಜ್ಜನ ಪೆಟ್ಟಿಗೆಯ ಸಾಮಾನು ಯಾವ ಭಂಡಾರಕ್ಕೆ ಕೊಡಬೇಕು?

ಪ್ರಶ್ನೆ, ಶಿರಸಿ ಹತ್ತಿರದ ಹಳ್ಳಿಯಿಂದ: ಹಳೇ ಮನೆ ಕೆಡವುತ್ತಿದ್ದೇವೆ. ನಾಗಂದಿಗೆ ಮೇಲೆ ಅಜ್ಜನ ಪೆಟ್ಟಿಗೆ ಸಿಕ್ಕಿತು. ಎರಡು ಕಟ್ಟು ತಾಳೆಗರಿ, ಯಕ್ಷಗಾನ ಪ್ರಸಂಗ ಬರೆದ ಪಟ್ಟಿಗಳು, ತಾಳಮದ್ದಳೆಯ ಮೂವತ್ತು ಕ್ಯಾಸೆಟ್, ಜಮೀನಿನ ಹಳೇ ಕಾಗದ. ಮಳೆ ಹಿಡಿಯುವುದರೊಳಗೆ ಎಲ್ಲವನ್ನೂ ಒಂದೇ ಕಡೆ ಒಪ್ಪಿಸಬಹುದಾ? ಹಿತ್ತಿಲಿನ ಅಪ್ಪೆಮರವನ್ನೂ, ಅಂದರೆ ಮಿಡಿ ಉಪ್ಪಿನಕಾಯಿಯ ಮಾವಿನಮರವನ್ನೂ, ಕಡಿಯಬೇಕಾಗಿದೆ. ಗೊತ್ತಿದ್ದವರು ಹೇಳಿ.

ಶಿರಸಿಯಿಂದ: ಒಂದೇ ಕಡೆ ಕೊಡಬೇಡಿ. ಭಂಡಾರ ಅಂದರೆ ಬರೀ ತುಂಬಿಡುವ ಕೋಣೆ ಅಲ್ಲ, ಕೇಳಿದಾಗ ಹುಡುಕಿ ಕೊಡುವ ಜಾಗ. ಇದನ್ನು ನಾವು ನೋವಿನಿಂದಲೇ ಕಲಿತೆವು. ಅಪ್ಪ ಒಂದು ಸಂಸ್ಥೆಗೆ ಮೂರು ಕಟ್ಟು ಓಲೆ ಕೊಟ್ಟರು. ರಸೀದಿ ತೆಗೆದುಕೊಳ್ಳಲಿಲ್ಲ. ಹತ್ತು ವರ್ಷ ಬಿಟ್ಟು ಹೋದರೆ ಅವು ಎಲ್ಲಿವೆ ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೊಡುವ ಮುಂಚೆ ಪ್ರತಿ ಗರಿಯ ಫೋಟೊ ತೆಗೆಯಿರಿ, ನೋಂದಣಿ ಸಂಖ್ಯೆ ಬರೆಸಿಕೊಳ್ಳಿ.

ನಮ್ಮ ಕಡೆಯ ಓಲೆಗಳು ಜಾಸ್ತಿ ತಿಗಳಾರಿ ಅನ್ನುವ ಹಳೇ ಲಿಪಿಯಲ್ಲಿರುತ್ತವೆ. ಓದಲು ಬರಲಿಲ್ಲ ಅಂತ ಬೇಜಾರಾಗಬೇಡಿ. ಸಾಗರದ ಹತ್ತಿರ ಕೆಳದಿ ವಸ್ತುಸಂಗ್ರಹಾಲಯ ಇದೆ, ಒಮ್ಮೆ ಹೋಗಿ ತೋರಿಸಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ 1891ರಿಂದ ಓಲೆ ಕೂಡಿಸಿ ಕಾಪಿಡುವ ಕೆಲಸ ಮಾಡುತ್ತಿದೆ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿ ವಿದ್ವಾಂಸ ಶಾಮಾಶಾಸ್ತ್ರಿಗಳ ಕೈಗೆ ಸಿಕ್ಕಿದ್ದು ಅಲ್ಲೇ. ತಿಳಿದವರಿಗೆ ತೋರಿಸುವವರೆಗೆ ಓಲೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ದಾರ ಎಳೆಯಬೇಡಿ. ಒಣ ಹತ್ತಿಬಟ್ಟೆಯಲ್ಲಿ ಸುತ್ತಿಡಿ, ಸಾಕು.

ಕಾರವಾರದಿಂದ: ಜಮೀನಿನ ಕಾಗದ ಮನೆಯಲ್ಲೇ ಇರಲಿ, ನಕಲು ಮಾತ್ರ ಕೊಡಿ. ಲ್ಯಾಮಿನೇಶನ್ ಮಾಡಿಸಲೇಬೇಡಿ, ಆಮೇಲೆ ಬಿಡಿಸಲು ಬರುವುದಿಲ್ಲ. ಇನ್ನೊಂದು ಮಾತು. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸ್‌ನಿಂದ ಬೊಂಬಾಯಿ ಪ್ರಾಂತಕ್ಕೆ ಹೋಯಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಹಾಗಾಗಿ ಹಳೇ ಸರಕಾರಿ ದಾಖಲೆ ಬೆಂಗಳೂರಿನ ಪತ್ರಾಗಾರದಲ್ಲಿ ಸಿಗಲಿಲ್ಲ ಅಂದರೆ ಅಲ್ಲಿಗೇ ಬಿಡಬೇಡಿ. ಮುಂಬೈ, ಚೆನ್ನೈ ಪತ್ರಾಗಾರಗಳಲ್ಲೂ ವಿಚಾರಿಸಿ.

ಹೊನ್ನಾವರದವಳು, ಈಗ ಬೆಂಗಳೂರಿನಿಂದ: ಕ್ಯಾಸೆಟ್ಟಿಗೆ ಮೊದಲು ಕೈಹಾಕಿ. ಟೇಪಿನ ಮೇಲೆ ಬಿಳಿ ಬೂಸ್ಟು ಕಂಡರೆ ಹಾಕಿ ನುಡಿಸಬೇಡಿ, ಶುಚಿ ಮಾಡಲು ತಿಳಿದವರಿಗೆ ಕೊಡಿ. ಕಂಪ್ಯೂಟರಿಗೆ ಇಳಿಸುವಾಗ ದನಿ ಕುಗ್ಗಿಸದ ವೇವ್ (WAV) ಫೈಲ್ ಮಾಡಿ. ಎಂಪಿ3 ಕೇಳಲು ಸಾಕು, ಕಾಪಿಡಲು ಸಾಲದು. ತಾಳಮದ್ದಳೆಯಲ್ಲಿ ಅರ್ಥ ಹೇಳಿದವರ, ಹಾಡಿದ ಭಾಗವತರ ಮನೆಯವರನ್ನು ಕೇಳಿ, ಒಪ್ಪಿದರೆ ಇಂಟರ್ನೆಟ್ ಆರ್ಕೈವ್ ಅನ್ನುವ ಉಚಿತ ಜಾಲತಾಣಕ್ಕೆ ಏರಿಸಿ.

ಪ್ರಸಂಗದ ಪದ್ಯಗಳನ್ನು ನಾನು ಟೈಪ್ ಮಾಡಿ ಗಿಟ್ ಭಂಡಾರದಲ್ಲಿ ಇಡುತ್ತಿದ್ದೇನೆ. ಅದು ಸಾಫ್ಟ್‌ವೇರ್‌ನವರು ಕೋಡ್ ಇಡಲು ಮಾಡಿಕೊಂಡಿದ್ದು. ಆದರೆ ಯಾರು, ಯಾವತ್ತು, ಯಾವ ಸಾಲು ತಿದ್ದಿದರು ಅಂತ ಅದರಲ್ಲಿ ಉಳಿಯುತ್ತದೆ. ಒಂದೇ ಪದ್ಯಕ್ಕೆ ಮೂರು ಪಾಠಾಂತರ ಇರುವಾಗ ಇದು ತುಂಬಾ ಉಪಯೋಗ.

ಸಿದ್ದಾಪುರದಿಂದ: ಎಲ್ಲರೂ ಪೆಟ್ಟಿಗೆ ಬಗ್ಗೆಯೇ ಹೇಳಿದಿರಿ. ನನಗೆ ಆ ಮರದ್ದೇ ಚಿಂತೆ. ಕುಮಟಾದ ಗಜನಿಯಲ್ಲಿ, ಅಂದರೆ ಉಪ್ಪುನೀರಿನ ಗದ್ದೆಯಲ್ಲಿ, ಬೆಳೆಯುವ ಕಗ್ಗ ಭತ್ತವಾದರೆ ಒಣಗಿಸಿ ತಣ್ಣಗಿಟ್ಟರೆ ಬೀಜ ವರ್ಷಗಟ್ಟಲೆ ಉಳಿಯುತ್ತದೆ. ಮಾವಿನ ಗೊರಟು ಹಾಗಲ್ಲ, ಒಣಗಿದರೆ ಸತ್ತಿತು. ಹುಟ್ಟಿದರೂ ತಾಯಿಮರದ ಪರಿಮಳವೇ ಬರುತ್ತದೆ ಅನ್ನುವ ಹಾಗಿಲ್ಲ. ಮಿಡಿಯ ತೊಟ್ಟು ಮುರಿದಾಗ ಬರುವ ಆ ಜೀರಿಗೆ ವಾಸನೆಯನ್ನು ಯಾವ ಪೆಟ್ಟಿಗೆಯಲ್ಲಿ ಇಡುತ್ತೀರಿ? ಅಪ್ಪೆಗೆ ಮರವೇ ಭಂಡಾರ. ಕೊಡಲಿ ಹಾಕುವ ಮುಂಚೆ ಕಸಿಕಡ್ಡಿ ತೆಗೆಸಿ. ಒಂದೇ ಗಿಡ ಸಾಲದು. ನಾಲ್ಕು ಜನರ ತೋಟದಲ್ಲಿ ನಾಲ್ಕು ಗಿಡ ಇರಲಿ, ಮರದ ಹೆಸರು, ನಿಮ್ಮ ಮನೆ ಹೆಸರು ಬರೆದಿಡಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರೂ ಅಪ್ಪೆಮಿಡಿ ತಳಿಗಳನ್ನು ಹೀಗೇ ಗಿಡ ಮಾಡಿ ಬೆಳೆಸುತ್ತಾರೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ನಮಸ್ಕಾರ. ಮನೆಯ ನಕ್ಷೆಯನ್ನು ಆರಡಿ ಈಚೆ ಸರಿಸಲು ಆಗುತ್ತದೆಯಂತೆ, ಮರ ಉಳಿಯಬಹುದು. ಕಸಿ ಮಾತ್ರ ಹೇಗೂ ಕಟ್ಟಿಸುತ್ತೇನೆ. ಓಲೆಗಳ ಫೋಟೊ ಇವತ್ತು ಶುರು ಮಾಡಿದೆ, ಹನ್ನೊಂದು ಗರಿ ಆಯಿತು. ಶಿರಸಿ ಸುತ್ತಮುತ್ತ ಯಾರ ಮನೆಯಲ್ಲಾದರೂ ಸರಿಯಾಗಿ ಓಡುವ ಟೇಪ್ ರೆಕಾರ್ಡರ್ ಇದೆಯಾ?