ಸಿಂಕ್ ನಲ್ಲಿಯ ಸ್ಪ್ರೇ ಸರಿ ಮಾಡುವುದು ಹೇಗೆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮ ಅಡುಗೆಮನೆ ಸಿಂಕಿನದು ಹೊರಗೆ ಎಳೆದು ಬಳಸುವ ಸ್ಪ್ರೇ ನಲ್ಲಿ. ಈಗ ಬಟನ್ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿದೆ, ನೀರು ಸಣ್ಣಗೆ ಬರುತ್ತದೆ. ಬೋರ್‌ವೆಲ್ ನೀರು ನೋಡಿ, ತೂತುಗಳ ಸುತ್ತ ಬಿಳಿ ಉಪ್ಪು ಗಟ್ಟಿಯಾಗಿ ಕೂತಿತ್ತು. ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿಟ್ಟು ಹಳೇ ಬ್ರಷ್‌ನಲ್ಲಿ ಉಜ್ಜಿದೆ. ತೂತುಗಳು ಬಿಟ್ಟುಕೊಂಡವು, ಬಟನ್ ಮಾತ್ರ ಹಾಗೇ ಇದೆ. ಪಕ್ಕದ ನಲ್ಲಿಯಲ್ಲಿ ಫೋರ್ಸ್ ಚೆನ್ನಾಗಿದೆ, ಟ್ಯಾಂಕಿನ ತೊಂದರೆಯಂತೂ ಅಲ್ಲ.

ಜೊತೆಗೆ ಹೆಡ್ಡು ಪೈಪಿಗೆ ಸೇರುವ ಕಡೆ ನೀರು ತೊಟ್ಟಿಕ್ಕುತ್ತಿದೆ. ತಿರುಗಿಸಿ ಬಿಚ್ಚಿದೆ. ಒಳಗಿನ ಕಪ್ಪು ವಾಷರ್ ಚಪ್ಪಟೆಯಾಗಿ ಒಂದು ಕಡೆ ಸೀಳಿದೆ. ಅದನ್ನು ಬದಲಾಯಿಸಿದರೆ ಸಾಕಾ, ಟೆಫ್ಲಾನ್ ಟೇಪೂ ಸುತ್ತಬೇಕಾ?

ಬಟನ್ ಭಾಗ ಬಿಚ್ಚುವುದು ಹೇಗೆ? ಸ್ಕ್ರೂ ಎಲ್ಲೂ ಕಾಣುತ್ತಿಲ್ಲ. ಪ್ಲಂಬರ್ ಇಡೀ ನಲ್ಲಿಯನ್ನೇ ಬದಲಾಯಿಸಿ ಅನ್ನುತ್ತಾರೆ. ಅವರು ಹಾಗೇ ಹೇಳುವುದು ಅಲ್ವಾ! ಥ್ರೆಡ್ ಅರ್ಧ ಇಂಚಿನದು. ಹೆಡ್ ಮಾತ್ರ ಬಿಡಿಯಾಗಿ ಸಿಗುತ್ತದಾ? ಹಾಕಿಸಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.